ಥರ್ಮೋಸ್ಟಾಟ್ ಬದಲಿಸಿದ ಮೇಲೆ ಎಂಜಿನ್ ಮೊದಲಿಗಿಂತ ಹೆಚ್ಚು ಕಾಯುತ್ತಿದೆ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ಹಾಸನದ ಚಾಲಕ

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಮಾಡೆಲ್‌ನ ಸಣ್ಣ ಪೆಟ್ರೋಲ್ ಕಾರು. 1.2 ಲೀಟರ್ ಎಂಜಿನ್. ಈವರೆಗೆ 1,18,000 ಕಿಲೋಮೀಟರ್ ಓಡಿದೆ. ಮಗಳು ಮಂಗಳೂರಿನಲ್ಲಿ ಓದುತ್ತಿರುವುದರಿಂದ ತಿಂಗಳಿಗೆ ಎರಡು ಸಲವಾದರೂ ಶಿರಾಡಿ ಘಾಟಿ ಇಳಿದು ಹತ್ತುವುದು ನನಗೆ ತಪ್ಪಿದ್ದಲ್ಲ.

ಕಳೆದ ಮಳೆಗಾಲ ಮುಗಿದಾಗಿನಿಂದ ಒಂದು ತೊಂದರೆ ಶುರುವಾಗಿತ್ತು. ಊರೊಳಗೆ, ಸಮತಟ್ಟಾದ ಹೆದ್ದಾರಿಯಲ್ಲಿ ಎಲ್ಲವೂ ಸರಿಯಿರುತ್ತಿತ್ತು. ಆದರೆ ಮಂಗಳೂರಿನಿಂದ ಹಿಂದಿರುಗುವಾಗ ಗುಂಡ್ಯ ದಾಟಿ ಏರು ಆರಂಭವಾಗಿ, ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಎಸಿ ಹಾಕಿಕೊಂಡು ಹತ್ತುವಾಗ ಹೀಟ್ ಮೀಟರಿನ ಮುಳ್ಳು ನಡುವಿನಿಂದ ಮೇಲಕ್ಕೆ ಸರಿದು ಮುಕ್ಕಾಲು ಭಾಗಕ್ಕೆ ಬರುತ್ತಿತ್ತು. ಎಸಿ ಆರಿಸಿದರೆ ನಿಧಾನವಾಗಿ ಇಳಿಯುತ್ತಿತ್ತು. ಇದನ್ನು ನಮ್ಮ ಬಡಾವಣೆಯ ಗ್ಯಾರೇಜಿನಲ್ಲಿ ಹೇಳಿದಾಗ, ಥರ್ಮೋಸ್ಟಾಟ್ (ಎಂಜಿನ್ ತಣಿಸುವ ದ್ರವವಾದ ಕೂಲಂಟನ್ನು, ಅದು ಬಿಸಿಯಾದಾಗ ರೇಡಿಯೇಟರಿಗೆ ಬಿಡುವ ಬಾಗಿಲು) ಕಚ್ಚಿಕೊಂಡಿರಬೇಕು ಎಂದು ಹೊಸದನ್ನು ಹಾಕಿ, ಕೂಲಂಟ್ ತುಂಬಿ ಕೊಟ್ಟರು.

ಅಂದಿನಿಂದ ಪರಿಸ್ಥಿತಿ ಇನ್ನೂ ಕೆಟ್ಟಿದೆ. ಈಗ ಘಾಟಿಯವರೆಗೆ ಹೋಗುವ ಅಗತ್ಯವೇ ಇಲ್ಲ. ಊರೊಳಗೆ ಆರೇಳು ಕಿಲೋಮೀಟರ್ ಓಡಿಸುವಷ್ಟರಲ್ಲಿ ಮುಳ್ಳು ಕೆಂಪು ಗೆರೆಯ ಹತ್ತಿರ ಏರುತ್ತದೆ, ನಂತರ ಒಮ್ಮೆಲೇ ಧಡಕ್ಕನೆ ಕೆಳಗಿಳಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಏರುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿನಿಂದ ಬಿಂದಿಗೆಯಲ್ಲಿ ನೀರು ಮುಳುಗಿಸಿದಾಗ ಬರುವಂಥ ಗುಳುಗುಳು ಸದ್ದು ಕೇಳುತ್ತದೆ. ರಿಸರ್ವ್ ಟ್ಯಾಂಕಿನಲ್ಲಿ ಕೂಲಂಟ್ ಮೇಲಿನ ಗೆರೆಯವರೆಗೆ ತುಂಬಿದೆ. ಇನ್ನೊಂದು ಗ್ಯಾರೇಜಿನವರು ಕಾರನ್ನು ನೋಡುತ್ತಲೇ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಪದರ) ಹೋಗಿದೆ, ಹೆಡ್ ಇಳಿಸಬೇಕು ಎಂದರು. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ತಿಳಿದವರ ಮಾತು ಕೇಳೋಣವೆಂದು ಇಲ್ಲಿ ಬರೆಯುತ್ತಿದ್ದೇನೆ. ಕಳೆದ ಎರಡು ಮೂರು ವರ್ಷಗಳಿಂದ ತಿಂಗಳಿಗೊಮ್ಮೆ ರೇಡಿಯೇಟರಿಗೆ ಕಾಲು ಲೀಟರಿನಷ್ಟು ನೀರು ಹಿಡಿಯುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಕಾರು ಹಳೆಯದಾದ್ದರಿಂದ ಅದು ಸಹಜವೆಂದು ನಾನು ಭಾವಿಸಿದ್ದೆ.

ಉತ್ತರ: ಹಳೆಯ ಪಾನಾ

ನಮಸ್ಕಾರ. ನಾನು ಬಸ್ಸು, ಕಾರುಗಳ ಎಂಜಿನ್ ಕೆಲಸದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದವನು. ನಿಮ್ಮ ಬರಹವನ್ನು ಎರಡು ಸಲ ಓದಿದೆ. ಮೊದಲು ಒಂದು ಕೋರಿಕೆ: ನಿಮ್ಮ ಕಾರಿಗೆ ಒಂದೇ ಕಾಯಿಲೆ ಇದೆ ಎಂದುಕೊಳ್ಳಬೇಡಿ. ಥರ್ಮೋಸ್ಟಾಟ್ ಬದಲಿಸುವ ಮೊದಲು ಇದ್ದ ತೊಂದರೆಯ ಸ್ವಭಾವ ಒಂದು, ಬದಲಿಸಿದ ಮೇಲಿನ ತೊಂದರೆಯ ಸ್ವಭಾವ ಇನ್ನೊಂದು. ಮೊದಲಿನದು ಭಾರ ಬಿದ್ದಾಗ ಮಾತ್ರ ನಿಧಾನವಾಗಿ ಏರಿ, ಭಾರ ಇಳಿಸಿದಾಗ ನಿಧಾನವಾಗಿ ಇಳಿಯುತ್ತಿತ್ತು. ಈಗಿನದು ಜಿಗಿಯುತ್ತದೆ, ಬೀಳುತ್ತದೆ. ಹೀಗೆ ಜಿಗಿದು ಬೀಳುವ ಮುಳ್ಳು, ಗುಳುಗುಳು ಸದ್ದು, ಇವೆರಡೂ ಸೇರಿದರೆ ನನ್ನ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ಸಲ ಅದು ಏರ್ ಲಾಕ್, ಅಂದರೆ ಕೂಲಂಟ್ ಹರಿಯುವ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ.

ಇದು ಹೇಗಾಗುತ್ತದೆ ಎಂದರೆ, ಥರ್ಮೋಸ್ಟಾಟ್ ಬಿಚ್ಚುವಾಗ ಎಂಜಿನ್ನಿನ ಮೇಲ್ಭಾಗದ ಕೂಲಂಟೆಲ್ಲ ಸುರಿದು ಹೋಗುತ್ತದೆ. ಮತ್ತೆ ತುಂಬುವಾಗ ಹೊಸ ಥರ್ಮೋಸ್ಟಾಟ್ ತಣ್ಣಗೆ ಮುಚ್ಚಿಕೊಂಡಿರುತ್ತದೆಯಾದ್ದರಿಂದ ಅದರ ಕೆಳಗಿನ ಗಾಳಿಗೆ ಮೇಲೆ ಬರಲು ದಾರಿಯಿಲ್ಲ. ರೇಡಿಯೇಟರ್ ತುಂಬಿದಂತೆ ಕಾಣುತ್ತದೆ, ಎಂಜಿನ್ ಒಳಗೆ ಮಾತ್ರ ಗಾಳಿಯ ಗುಳ್ಳೆ ಉಳಿದಿರುತ್ತದೆ. ಥರ್ಮೋಸ್ಟಾಟ್ ಎಂಬುದು ಮೇಣ ತುಂಬಿದ ಒಂದು ಪುಟ್ಟ ಹಿತ್ತಾಳೆಯ ಕೊಳವೆ. ಬಿಸಿ ಕೂಲಂಟ್ ಅದನ್ನು ಮುಟ್ಟಿದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ಅದರ ಸುತ್ತ ಗಾಳಿಯೇ ಇದ್ದರೆ, ಕೆಳಗೆ ಎಂಜಿನ್ ಕುದಿಯುತ್ತಿದ್ದರೂ ಮೇಣಕ್ಕೆ ಆ ಬಿಸಿ ಸರಿಯಾಗಿ ತಲುಪುವುದಿಲ್ಲ. ತಡವಾಗಿ, ಉಗಿಯ ಬಿಸಿಗೆ, ಒಮ್ಮೆಲೇ ತೆರೆದುಕೊಳ್ಳುತ್ತದೆ. ಆಗ ರೇಡಿಯೇಟರಿನಲ್ಲಿದ್ದ ತಣ್ಣನೆಯ ಕೂಲಂಟ್ ನುಗ್ಗಿ ಬರುತ್ತದೆ. ನೀವು ಕಂಡ ಧಡಕ್ಕನೆಯ ಇಳಿತ ಅದೇ.

ದಯವಿಟ್ಟು ಎರಡು ವಿಷಯ ನೋಡಿ ತಿಳಿಸಿ. ಮೊದಲನೆಯದು, ಎಂಜಿನ್ ಬಿಸಿಯಾಗಿರುವಾಗ ಕಾರಿನ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿದರೆ ಬಿಸಿ ಗಾಳಿ ಬರುತ್ತದೆಯೋ, ತಣ್ಣನೆಯ ಗಾಳಿ ಬರುತ್ತದೆಯೋ? ಎಂಜಿನ್ ಕುದಿಯುತ್ತಿದ್ದು ಹೀಟರ್ ತಣ್ಣಗಿದ್ದರೆ, ಹೀಟರ್ ಕೊಳವೆಗಳಲ್ಲಿ ಕೂಲಂಟ್ ಹರಿಯುತ್ತಿಲ್ಲ ಎಂದರ್ಥ. ಎರಡನೆಯದು, ರಾತ್ರಿಯಿಡೀ ನಿಂತ ಕಾರಿನ ರೇಡಿಯೇಟರ್ ಕ್ಯಾಪನ್ನು ಬೆಳಿಗ್ಗೆ ತೆರೆದರೆ ಕೂಲಂಟ್ ಬಾಯಿಯವರೆಗೆ ಇದೆಯೇ? ರಿಸರ್ವ್ ಟ್ಯಾಂಕಿನ ಮಟ್ಟವನ್ನು ನಂಬಿ ಕೂರಬೇಡಿ. ಬಿಸಿ ಎಂಜಿನ್ನಿನ ಕ್ಯಾಪನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಒಳಗಿನ ಒತ್ತಡ ಇಳಿದ ಕ್ಷಣವೇ ಕೂಲಂಟ್ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹಾಗೆ ಕೈ, ಕತ್ತು ಸುಟ್ಟುಕೊಂಡ ಹುಡುಗರನ್ನು ನಾನೇ ಆಸ್ಪತ್ರೆಗೆ ಕರೆದೊಯ್ದಿದ್ದೇನೆ.

ಗಾಳಿ ತೆಗೆಯುವ ಕ್ರಮ ಹೀಗಿದೆ. ಕಾರಿನ ಮುಂಭಾಗ ಎತ್ತರದಲ್ಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ಬಾಯಿಯವರೆಗೆ ತುಂಬಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಕ್ಯಾಪ್ ಇಲ್ಲದೆಯೇ ಎಂಜಿನ್ ಚಾಲೂ ಮಾಡಿ ಐಡ್ಲಿಂಗಿನಲ್ಲಿ ಬಿಡಿ. ನಿಮ್ಮ ಎಂಜಿನ್ನಿನಲ್ಲಿ ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದೆ ಕೂಲಂಟ್ ಬರುವವರೆಗೆ ಕಾದು ಬಿಗಿ ಮಾಡಿ. ರೇಡಿಯೇಟರಿನ ಮೇಲಿನ ಹೋಸನ್ನು ಆಗಾಗ ಕೈಯಲ್ಲಿ ಹಿಸುಕುತ್ತಿದ್ದರೆ ಗುಳ್ಳೆಗಳು ಬಾಯಿಗೆ ಬಂದು ಒಡೆಯುವುದು ಕಾಣುತ್ತದೆ. ಮಟ್ಟ ಇಳಿದಂತೆಲ್ಲ ತುಂಬುತ್ತಾ ಹೋಗಿ. ಕೂಲಂಟ್ ಉಕ್ಕುವಂತೆ ಕಂಡರೆ ಎಂಜಿನ್ ನಿಲ್ಲಿಸಿ ಹಿಂದೆ ಸರಿಯಿರಿ. ಮೇಲಿನ ಹೋಸ್ ಬಿಸಿಯಾಗಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಕಾಯಿರಿ. ಮಾರನೆಯ ಬೆಳಿಗ್ಗೆ ಮತ್ತೊಮ್ಮೆ ಮಟ್ಟ ನೋಡಿ.

ಇಷ್ಟು ಮಾಡಿಯೂ ಗಾಳಿ ಹೋಗದಿದ್ದರೆ ಥರ್ಮೋಸ್ಟಾಟನ್ನು ಹೇಗೆ ಕೂರಿಸಿದ್ದಾರೆ ಎಂದು ಬಿಚ್ಚಿ ನೋಡಬೇಕಾಗುತ್ತದೆ. ಸ್ಪ್ರಿಂಗ್ ಮತ್ತು ಮೇಣದ ಕೊಳವೆ ಇರುವ ಕಡೆ ಎಂಜಿನ್ನಿನತ್ತ ಇರಬೇಕು. ಅಂಚಿನ ತಗಡಿನಲ್ಲಿ ಒಂದು ಸಣ್ಣ ರಂಧ್ರವೂ ಅದರಲ್ಲಿ ಅಲುಗಾಡುವ ಒಂದು ಪಿನ್ನೂ ಇದ್ದರೆ, ಅದು ಮೇಲ್ಭಾಗಕ್ಕೆ, ಗಡಿಯಾರದ ಹನ್ನೆರಡರ ಜಾಗಕ್ಕೆ ಬರಬೇಕು. ಗಾಳಿ ತಾನಾಗಿಯೇ ಹೊರಹೋಗಲೆಂದು ಇಟ್ಟಿರುವ ದಾರಿ ಅದು.

ಉತ್ತರ: ಚಿತ್ರದುರ್ಗದ ಟ್ಯಾಕ್ಸಿ

ಇಷ್ಟೆಲ್ಲ ಶ್ರಮ ಏಕೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ಕಡೆ ಬೇಸಿಗೆಯ ಬಿಸಿಲು ನಿಮಗೆ ಗೊತ್ತೇ ಇದೆ. ಇಲ್ಲಿನ ಹಲವು ಟ್ಯಾಕ್ಸಿಗಳಲ್ಲಿ ಥರ್ಮೋಸ್ಟಾಟನ್ನೇ ತೆಗೆದುಹಾಕಿ ಓಡಿಸುತ್ತಾರೆ. ನಾನು ಹಳೆಯ ಡೀಸೆಲ್ ಗಾಡಿಯನ್ನು ಹಾಗೆಯೇ ಐದು ವರ್ಷ ಓಡಿಸಿದ್ದೇನೆ, ಒಂದು ದಿನವೂ ತೊಂದರೆಯಾಗಲಿಲ್ಲ. ನಮ್ಮದು ಹಿಮ ಬೀಳುವ ದೇಶವಲ್ಲ. ಹಾಸನದವರು ಅದನ್ನು ತೆಗೆಸಿ ಒಮ್ಮೆ ಘಾಟಿ ಹತ್ತಿ ನೋಡಬಹುದಲ್ಲವೇ?

ಉತ್ತರ: ಪಾಲಿಟೆಕ್ನಿಕ್ ಬೋಧಕಿ

ಚಿತ್ರದುರ್ಗದವರ ಮಾತಿಗೆ ಗೌರವದಿಂದಲೇ ಉತ್ತರಿಸುತ್ತೇನೆ, ಏಕೆಂದರೆ ಆಟೊಮೊಬೈಲ್ ತರಗತಿಯಲ್ಲಿ ಪ್ರತಿ ವರ್ಷವೂ ಯಾರಾದರೂ ಒಬ್ಬ ವಿದ್ಯಾರ್ಥಿ ಇದೇ ಪ್ರಶ್ನೆಯನ್ನು ಕೇಳುತ್ತಾನೆ. ಹಳೆಯ ಕೆಲವು ಎಂಜಿನ್‌ಗಳಲ್ಲಿ ಅದು ನಡೆದುಹೋಗುತ್ತಿತ್ತು. ಆದರೆ ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿಗೆ ಎರಡು ಬಾಗಿಲುಗಳಿರುತ್ತವೆ. ಮೇಲಿನ ಬಾಗಿಲು ರೇಡಿಯೇಟರಿನ ದಾರಿಯನ್ನು ತೆರೆಯುತ್ತಿದ್ದಂತೆ, ಕೆಳಗಿನ ಚಪ್ಪಟೆ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಬೈಪಾಸ್ ಎಂದರೆ ರೇಡಿಯೇಟರಿಗೆ ಹೋಗದೆ ಎಂಜಿನ್ನಿನಿಂದ ನೇರವಾಗಿ ಪಂಪಿಗೆ ಮರಳುವ ಅಡ್ಡದಾರಿ. ಥರ್ಮೋಸ್ಟಾಟ್ ಕಿತ್ತುಹಾಕಿದರೆ ಆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಹರಿಯುವ ಯಾವುದೇ ದ್ರವವು ಅಡ್ಡಿ ಕಡಿಮೆ ಇರುವ ಕಡೆಗೇ ಹೆಚ್ಚು ಹರಿಯುವುದರಿಂದ, ಬಿಸಿ ಕೂಲಂಟಿನ ಒಂದು ಪಾಲು ತಣಿಯದೆಯೇ ಎಂಜಿನ್ನಿಗೆ ಹಿಂದಿರುಗುತ್ತದೆ. ಅಂಥ ಎಂಜಿನ್ ಸಮತಟ್ಟಿನಲ್ಲಿ ಅತಿಯಾಗಿ ತಣ್ಣಗಿದ್ದು, ಏರಿನಲ್ಲಿ ಮೊದಲಿಗಿಂತ ಬೇಗ ಕಾಯಬಹುದು.

ಪೆಟ್ರೋಲ್ ಎಂಜಿನ್ನಿಗೆ ಇನ್ನೂ ಒಂದು ಹಾನಿಯಿದೆ. ಎಂಜಿನ್ ಬಿಸಿಯಾಗಿಲ್ಲ ಎಂದು ಸೆನ್ಸರ್ ಹೇಳುತ್ತಿರುವವರೆಗೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಹೆಚ್ಚು ಪೆಟ್ರೋಲನ್ನು ಸುರಿಯುತ್ತಲೇ ಇರುತ್ತದೆ. ಮೈಲೇಜ್ ಇಳಿಯುತ್ತದೆ; ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆಯುತ್ತದೆ. ಹಿಮಕ್ಕೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ ತನ್ನ ಕೆಲಸದ ಉಷ್ಣತೆಗೆ ಬೇಗ ಬಂದು ಅಲ್ಲಿಯೇ ನಿಲ್ಲುವುದು ಬಿಸಿಲಿನ ನಾಡಿನಲ್ಲೂ ಅಗತ್ಯವೇ.

ಹಾಸನದವರಿಗೆ ನನ್ನದೊಂದು ಪ್ರಶ್ನೆಯಿದೆ. ತೆಗೆದ ಹಳೆಯ ಥರ್ಮೋಸ್ಟಾಟ್ ನಿಮ್ಮ ಬಳಿ ಇದೆಯೇ? ಇದ್ದರೆ ದಯವಿಟ್ಟು ಎಸೆಯಬೇಡಿ.

ಪ್ರಶ್ನೆ ಕೇಳಿದವರಿಂದ: ಹಾಸನದ ಚಾಲಕ

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಹಿರಿಯರು ಕೇಳಿದ ಎರಡನ್ನೂ ನೋಡಿದೆ. ಮುಳ್ಳು ಕೆಂಪಿನ ಹತ್ತಿರವಿದ್ದಾಗ ಹೀಟರಿನಿಂದ ತಣ್ಣನೆಯ ಗಾಳಿಯೇ ಬಂತು. ಬೆಳಿಗ್ಗೆ ಕ್ಯಾಪ್ ತೆರೆದರೆ ರೇಡಿಯೇಟರಿನೊಳಗೆ ಕೂಲಂಟ್ ಕಾಣಿಸಲೇ ಇಲ್ಲ. ಟಾರ್ಚ್ ಬಿಟ್ಟು ನೋಡಿದಾಗ ಸುಮಾರು ನಾಲ್ಕು ಬೆರಳಿನಷ್ಟು ಕೆಳಗಿತ್ತು. ಅದೇ ಹೊತ್ತಿನಲ್ಲಿ ರಿಸರ್ವ್ ಟ್ಯಾಂಕ್ ತುಂಬಿಯೇ ಇತ್ತು!

ಭಾನುವಾರ ಮನೆಯ ಮುಂದಿನ ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಗಾಳಿ ತೆಗೆಯಲು ಕುಳಿತೆ. ಮುಕ್ಕಾಲು ಗಂಟೆಯಾದರೂ ಗುಳ್ಳೆ ನಿಲ್ಲಲಿಲ್ಲ, ಹೀಟರ್ ಬಿಸಿಯಾಗಲಿಲ್ಲ. ಕೊನೆಗೆ ಎಂಜಿನ್ ತಣಿದ ಮೇಲೆ, ಪರಿಚಯದ ಹುಡುಗನೊಬ್ಬನ ಸಹಾಯದಿಂದ ಥರ್ಮೋಸ್ಟಾಟನ್ನು ಮುಚ್ಚಿರುವ ಕವಚದ ಎರಡು ಬೋಲ್ಟ್ ಬಿಚ್ಚಿದೆವು. ಸ್ಪ್ರಿಂಗ್ ಎಂಜಿನ್ ಕಡೆಗೇ ಇತ್ತು, ಅದು ಸರಿ. ಆದರೆ ಆ ಅಲುಗಾಡುವ ಪಿನ್ ಗಡಿಯಾರದ ಆರರ ಜಾಗದಲ್ಲಿ, ಅಂದರೆ ನೇರ ಕೆಳಗೆ ಇತ್ತು. ಗ್ಯಾಸ್ಕೆಟಿನ ಮೇಲೆ ಅಗತ್ಯಕ್ಕಿಂತ ಹೆಚ್ಚು ಸಿಲಿಕೋನ್ ಬಳಿದಿದ್ದರಿಂದ ಅದರ ಒಂದು ಎಳೆ ಒಳಕ್ಕೆ ಇಳಿದು ಆ ರಂಧ್ರದ ಅರ್ಧವನ್ನು ಮುಚ್ಚಿತ್ತು. ಬೆರಳಿನ ಉಗುರಿನಿಂದ ಎಳೆದರೆ ರಬ್ಬರಿನ ದಾರದಂತೆ ಬಂತು. ಎಲ್ಲವನ್ನೂ ಒರೆಸಿ, ಪಿನ್ ಮೇಲೆ ಬರುವಂತೆ ಕೂರಿಸಿ, ಹೊಸ ಗ್ಯಾಸ್ಕೆಟ್ ಒಂದನ್ನೇ ಹಾಕಿ ಮತ್ತೆ ತುಂಬಿದೆವು. ಈ ಸಲ ಇಪ್ಪತ್ತು ನಿಮಿಷದಲ್ಲಿ ಹೀಟರಿನಿಂದ ಬಿಸಿ ಗಾಳಿ ಬಂತು, ಫ್ಯಾನ್ ತಿರುಗಿ ನಿಂತಿತು, ಸುಮಾರು ಮುಕ್ಕಾಲು ಲೀಟರ್ ಕೂಲಂಟ್ ಹೆಚ್ಚುವರಿಯಾಗಿ ಹಿಡಿಯಿತು.

ಊರೊಳಗೆ ಈಗ ಮುಳ್ಳು ಅಲುಗುವುದಿಲ್ಲ. ಸ್ನೇಹಿತರೊಬ್ಬರು ಕೊಟ್ಟ ಒಬಿಡಿ ಸ್ಕ್ಯಾನರನ್ನು (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಸಾಧನ) ಫೋನಿಗೆ ಜೋಡಿಸಿ ನೋಡುತ್ತಿದ್ದೇನೆ. ಸಮತಟ್ಟಿನಲ್ಲಿ 60 ಕಿಲೋಮೀಟರ್ ವೇಗದಲ್ಲಿ 88ರಿಂದ 90 ಡಿಗ್ರಿ ತೋರಿಸುತ್ತದೆ. ನಿಂತಾಗ 97ಕ್ಕೆ ಫ್ಯಾನ್ ಚಾಲೂ ಆಗಿ 92ಕ್ಕೆ ನಿಲ್ಲುತ್ತದೆ. ಆದರೆ ಮೊನ್ನೆ ಮಂಗಳೂರಿನಿಂದ ಬರುವಾಗ ಹಳೆಯ ಕಥೆಯೇ ಆಯಿತು: ಗುಂಡ್ಯ ದಾಟಿ ಐದಾರು ಕಿಲೋಮೀಟರ್ ಹತ್ತುವಷ್ಟರಲ್ಲಿ, ಫ್ಯಾನ್ ಬಿಡುವಿಲ್ಲದೆ ತಿರುಗುತ್ತಿದ್ದರೂ 108ಕ್ಕೆ ಏರಿತು. ಎಸಿ ಆರಿಸಿ, ಜಾಗ ಸಿಕ್ಕ ಕಡೆ ನಿಲ್ಲಿಸಿದೆ. ಅಂದರೆ ಹಿರಿಯರು ಹೇಳಿದ ಹಾಗೆ ಇಲ್ಲಿ ಎರಡು ಕಾಯಿಲೆಗಳಿದ್ದವು. ಎರಡನೆಯದು ಹೋಯಿತು, ಮೊದಲನೆಯದು ಉಳಿದಿದೆ. ಹಳೆಯ ಥರ್ಮೋಸ್ಟಾಟ್ ಡಿಕ್ಕಿಯಲ್ಲಿಯೇ ಇದೆ, ಮೇಡಂ. ಏನು ಮಾಡಲಿ ಹೇಳಿ. ಹೆಡ್ ಗ್ಯಾಸ್ಕೆಟಿನ ಭಯ ನನಗಿನ್ನೂ ಹೋಗಿಲ್ಲ.

ಉತ್ತರ: ಪಾಲಿಟೆಕ್ನಿಕ್ ಬೋಧಕಿ

ನೀವು ಕೊಟ್ಟ ಅಂಕಿಗಳು ತುಂಬಾ ಉಪಯೋಗಕ್ಕೆ ಬರುತ್ತವೆ. ಡ್ಯಾಶ್‌ಬೋರ್ಡಿನ ಮುಳ್ಳು ಅನೇಕ ಕಾರುಗಳಲ್ಲಿ ಸುಮಾರು 80ರಿಂದ 100 ಡಿಗ್ರಿಯವರೆಗೂ ನಡುವಿನಲ್ಲಿಯೇ ನಿಲ್ಲುವಂತೆ ಮಾಡಿರುತ್ತಾರೆ. ಆದ್ದರಿಂದ ಅದು ಏರಿತು ಎಂದು ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಹಳೆಯ ಥರ್ಮೋಸ್ಟಾಟಿನ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಮತ್ತೆ ಅಡುಗೆಗೆ ಬಳಸದ ಪಾತ್ರೆಯೊಂದನ್ನು ತೆಗೆದುಕೊಳ್ಳಿ, ಏಕೆಂದರೆ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಥರ್ಮೋಸ್ಟಾಟಿನ ಬಾಗಿಲನ್ನು ಕೈಯಿಂದ ಸ್ವಲ್ಪ ಎಳೆದು ಅದರ ಸಂದಿಗೆ ಒಂದು ದಾರ ಸಿಕ್ಕಿಸಿ, ಆ ದಾರದಿಂದಲೇ ಅದನ್ನು ನೀರಿನಲ್ಲಿ ಇಳಿಬಿಡಿ. ಪಾತ್ರೆಯ ತಳಕ್ಕೆ ತಾಗಬಾರದು. ಪಕ್ಕದಲ್ಲಿ 110 ಡಿಗ್ರಿಯವರೆಗೆ ಅಳೆಯುವ ಥರ್ಮಾಮೀಟರ್ ಇರಲಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು ಒಡೆಯುತ್ತದೆ. ನೀರು ಕಾಯುತ್ತಾ ಹೋದಂತೆ, ಬಾಗಿಲು ತೆರೆದ ಕ್ಷಣ ಥರ್ಮೋಸ್ಟಾಟ್ ದಾರದಿಂದ ಜಾರಿ ಬೀಳುತ್ತದೆ. ಆಗಿನ ಉಷ್ಣತೆಯನ್ನು ಅದರ ಮೇಲೆ ಅಚ್ಚಾಗಿರುವ ಅಂಕಿಯೊಂದಿಗೆ ಹೋಲಿಸಿ. ಒಂದು ವಿಷಯ ನೆನಪಿರಲಿ: ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರಿನ ಹತ್ತಿರ ಇರುವುದರಿಂದ ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 82 ಡಿಗ್ರಿಗೆ ತೆರೆಯಲು ಆರಂಭಿಸುವ ಥರ್ಮೋಸ್ಟಾಟ್ 95ರ ಹೊತ್ತಿಗೆ ಪೂರ್ತಿ ತೆರೆದುಕೊಳ್ಳುವುದು ಸಾಮಾನ್ಯವಾದ್ದರಿಂದ ನಿಮಗೆ ಅದು ಕಾಣಿಸುತ್ತದೆ. ಅಚ್ಚಾಗಿರುವ ಅಂಕಿ 90ರ ಮೇಲಿದ್ದರೆ ಅರ್ಧ ತೆರೆದು ನಿಂತರೂ ಅದನ್ನು ದೋಷವೆನ್ನಬೇಡಿ.

ಇನ್ನು ಹೆಡ್ ಗ್ಯಾಸ್ಕೆಟ್. ಅದನ್ನು ಬಿಚ್ಚದೆಯೇ ಪರೀಕ್ಷಿಸುವ ಮಾರ್ಗವಿದೆ. ರೇಡಿಯೇಟರಿನ ಬಾಯಿಗೆ ಒಂದು ಗಾಜಿನ ಕೊಳವೆ ಇಟ್ಟು, ಅದರಲ್ಲಿ ನೀಲಿ ದ್ರವ ತುಂಬಿ, ಎಂಜಿನ್ ಓಡುತ್ತಿರುವಾಗ ರೇಡಿಯೇಟರಿನ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಸುಟ್ಟ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ನೀಲಿ ದ್ರವ ಹಳದಿಯಾಗುತ್ತದೆ. ಕೂಲಂಟ್ ಮಾತ್ರ ಕೊಳವೆಯೊಳಗೆ ಏರದಂತೆ ಮಟ್ಟವನ್ನು ಸ್ವಲ್ಪ ಇಳಿಸಿಕೊಳ್ಳಬೇಕು. ಇದಲ್ಲದೆ, ತಣ್ಣನೆಯ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆಯೇ, ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಕೆನೆ ಕಟ್ಟಿದೆಯೇ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತದೆಯೇ ನೋಡಿ. ಇವುಗಳಲ್ಲಿ ಯಾವುದೂ ಇಲ್ಲದೆ ಹೆಡ್ ಇಳಿಸಲು ಒಪ್ಪಬೇಡಿ.

ನನ್ನ ಅನುಮಾನ ಇರುವುದು ಬೇರೆ ಕಡೆ. ನಿಂತಾಗ ಕಾದು, ಓಡುವಾಗ ತಣಿದರೆ ಫ್ಯಾನಿನ ತೊಂದರೆ. ನಿಮ್ಮ ಫ್ಯಾನ್ ಸರಿಯಾಗಿದೆ ಎಂದು ನಿಮ್ಮ ಅಂಕಿಗಳೇ ಹೇಳುತ್ತಿವೆ. ಭಾರ ಬಿದ್ದಾಗ ಮಾತ್ರ ಕಾದರೆ, ಎಂಜಿನ್ ಹುಟ್ಟಿಸುವ ಶಾಖವನ್ನು ಹೊರಹಾಕುವ ಸಾಮರ್ಥ್ಯ ಕುಂದಿದೆ ಎಂದರ್ಥ. ಅಂದರೆ ರೇಡಿಯೇಟರ್ ಅಥವಾ ವಾಟರ್ ಪಂಪ್. ನಿಮ್ಮ ಮೊದಲ ಬರಹದ ಕೊನೆಯ ಸಾಲು ನನ್ನನ್ನು ಕಾಡುತ್ತಿದೆ. ತಿಂಗಳಿಗೆ ಕಾಲು ಲೀಟರ್ ಹಿಡಿಯುತ್ತಿತ್ತು ಎಂದಿರಿ. ಯಾವ ನೀರು ಹಾಕುತ್ತಿದ್ದಿರಿ? ರಿಸರ್ವ್ ಟ್ಯಾಂಕ್ ತುಂಬಿದ್ದು ರೇಡಿಯೇಟರ್ ಬರಿದಾಗಿತ್ತು ಎಂಬುದಕ್ಕೂ ಇದಕ್ಕೂ ಸಂಬಂಧವಿದೆ. ರೇಡಿಯೇಟರ್ ಕ್ಯಾಪಿನಲ್ಲಿ ಎರಡು ಕವಾಟಗಳಿವೆ. ದೊಡ್ಡದು ಒತ್ತಡ ಹೆಚ್ಚಾದಾಗ ಕೂಲಂಟನ್ನು ರಿಸರ್ವ್ ಟ್ಯಾಂಕಿಗೆ ಬಿಡುತ್ತದೆ. ನಡುವಿನ ಪುಟ್ಟದು ಎಂಜಿನ್ ತಣಿಯುವಾಗ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪುಟ್ಟದು ಕೆಟ್ಟರೆ ಕೂಲಂಟ್ ಹೋಗುತ್ತದೆ, ಮರಳುವುದಿಲ್ಲ. ಟ್ಯಾಂಕ್ ತುಂಬಿ ಚೆಲ್ಲುತ್ತದೆ, ರೇಡಿಯೇಟರ್ ಗಾಳಿ ಕುಡಿಯುತ್ತದೆ. ದೊಡ್ಡದರ ರಬ್ಬರ್ ಸವೆದಿದ್ದರೆ ಒತ್ತಡವೇ ನಿಲ್ಲುವುದಿಲ್ಲ. ಕ್ಯಾಪಿನ ಮೇಲೆ ಸಾಮಾನ್ಯವಾಗಿ 0.9 ಅಥವಾ 1.1 ಎಂದಿರುತ್ತದೆ. ಅದು ಕ್ಯಾಪ್ ಹಿಡಿದಿಡುವ ಒತ್ತಡ, ಬಾರ್ ಲೆಕ್ಕದಲ್ಲಿ. ಹೊರಗಿನ ಗಾಳಿಗಿಂತ ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿ ಬರಿಯ ನೀರೂ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಆ ರಕ್ಷಣೆ ಇಲ್ಲದೆ ಘಾಟಿ ಹತ್ತುವುದು ಎಂಜಿನ್ನಿಗೆ ಒಳ್ಳೆಯದಲ್ಲ.

ರೇಡಿಯೇಟರನ್ನು ಪರೀಕ್ಷಿಸಲು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಲ್ಲಿಸಿ, ಎಂಜಿನ್ ಕಡೆಯಿಂದ ಅದರ ಮೈಯ ಬೇರೆ ಬೇರೆ ಜಾಗಗಳ ಉಷ್ಣತೆ ನೋಡಿ. ಮುಂದೆ ಎಸಿಯ ಕಂಡೆನ್ಸರ್ ಅಡ್ಡ ಇರುವುದರಿಂದ ಆ ಕಡೆಯಿಂದ ತಿಳಿಯುವುದಿಲ್ಲ. ದೂರದಿಂದ ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಗನ್ ಸಿಕ್ಕರೆ ಒಳ್ಳೆಯದು, ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅಲ್ಲಲ್ಲಿ ಕಪ್ಪು ಇನ್ಸುಲೇಷನ್ ಟೇಪಿನ ಚೂರು ಅಂಟಿಸಿ ಅದರ ಮೇಲೆ ಹಿಡಿಯಿರಿ. ಕೈ ಹಾಕುವ ಮೊದಲು ಫ್ಯಾನಿನ ವೈರ್ ಕಳಚಿ. ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಅದು ತಾನಾಗಿ ತಿರುಗುತ್ತದೆ. ಮೇಲಿನಿಂದ ಕೆಳಗೆ ಉಷ್ಣತೆ ಸಮವಾಗಿ ಇಳಿಯುತ್ತಾ ಬರಬೇಕು. ನಡುವೆ ಎಲ್ಲಾದರೂ ಒಂದು ಪಟ್ಟಿ ತಣ್ಣಗಿದ್ದರೆ ಆ ಕೊಳವೆಗಳಲ್ಲಿ ಹರಿವಿಲ್ಲ.

ಪ್ರಶ್ನೆ ಕೇಳಿದವರಿಂದ: ಹಾಸನದ ಚಾಲಕ

ಹತ್ತು ದಿನಗಳಾದ ಮೇಲೆ ಬರೆಯುತ್ತಿದ್ದೇನೆ. ಎಲ್ಲವನ್ನೂ ಒಂದೊಂದಾಗಿ ನೋಡಿ ಮುಗಿಸುವವರೆಗೆ ಅರ್ಧಂಬರ್ಧ ಬರೆಯುವುದು ಬೇಡವೆನ್ನಿಸಿತು.

ಹಳೆಯ ಥರ್ಮೋಸ್ಟಾಟ್ ಮೇಲೆ 82 ಎಂದು ಅಚ್ಚಾಗಿತ್ತು. ಅದನ್ನು ದಾರದಲ್ಲಿ ಇಳಿಬಿಟ್ಟು ನಾನೂ ಮಗಳೂ ಒಲೆಯ ಮುಂದೆ ನಿಂತೆವು. ಥರ್ಮಾಮೀಟರ್ 83 ತೋರಿಸುವಾಗ ಅದು ಟಣ್ ಎಂದು ಪಾತ್ರೆಯ ತಳಕ್ಕೆ ಬಿತ್ತು. ನೀರು ಕುದಿಯುವ ಹೊತ್ತಿಗೆ ಬಾಗಿಲು ಕಿರುಬೆರಳು ತೂರುವಷ್ಟು ತೆರೆದಿತ್ತು. ಅಂದರೆ ಅದು ಎಂದೂ ಕೆಟ್ಟಿರಲೇ ಇಲ್ಲ. ಆ ಒಂದು ಶಬ್ದ ಕೇಳಿದಾಗ ನನಗಾದ ಬೇಸರವನ್ನು ಹೇಳಲಾರೆ. ಬಿಚ್ಚಿದ ದಿನವೇ ಯಾರಾದರೂ ಹತ್ತು ನಿಮಿಷ ಇದನ್ನು ಮಾಡಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು.

ನೀಲಿ ದ್ರವದ ಪರೀಕ್ಷೆ ಮಾಡುವ ಗ್ಯಾರೇಜೊಂದು ಸಿಕ್ಕಿತು. ಹದಿನೈದು ನಿಮಿಷ ಎಂಜಿನ್ ಓಡಿಸಿದರೂ ದ್ರವ ನೀಲಿಯಾಗಿಯೇ ಉಳಿಯಿತು. ಆಯಿಲ್ ಮುಚ್ಚಳವೂ ಸ್ವಚ್ಛವಾಗಿತ್ತು. ಹೆಡ್ ಇಳಿಸುವ ಮಾತು ಅಲ್ಲಿಗೆ ಮುಗಿಯಿತು.

ಕ್ಯಾಪ್ ತಿರುವಿ ನೋಡಿದರೆ ನಡುವಿನ ಪುಟ್ಟ ಕವಾಟ ಅಂಟಿಕೊಂಡು ಅಲುಗುತ್ತಲೇ ಇರಲಿಲ್ಲ, ದೊಡ್ಡ ರಬ್ಬರ್ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಇಷ್ಟು ವರ್ಷ ಅದನ್ನು ತೆರೆದು ನೀರು ಹಾಕಿ ಮುಚ್ಚಿದ್ದೇನೆ, ಒಮ್ಮೆಯೂ ಅದರ ಒಳಭಾಗವನ್ನು ನೋಡಿರಲಿಲ್ಲ. ಮೇಡಂ ಕೇಳಿದ ಪ್ರಶ್ನೆಗೆ ಉತ್ತರ: ನಾನು ಹಾಕುತ್ತಿದ್ದುದು ಮನೆಯ ಬೋರ್‌ವೆಲ್ ನೀರು. ನಮ್ಮ ಬೋರಿನ ನೀರು ಎಷ್ಟು ಗಡಸು ಎಂದರೆ ಗೀಸರಿನ ಕಾಯಿಲ್ ಎರಡು ವರ್ಷಕ್ಕೊಮ್ಮೆ ಬಿಳಿ ಸುಣ್ಣ ಹಿಡಿದು ಸುಟ್ಟುಹೋಗುತ್ತದೆ. ಅದೇ ನೀರು ರೇಡಿಯೇಟರಿನಲ್ಲಿಯೂ ಅದೇ ಕೆಲಸ ಮಾಡುತ್ತದೆ ಎಂಬುದು ಹೊಳೆಯಲಿಲ್ಲ.

ಇನ್‌ಫ್ರಾರೆಡ್ ಗನ್ ಹಿಡಿದಾಗ ರೇಡಿಯೇಟರಿನ ಬಲಭಾಗ ಮೇಲೆ 91, ಕೆಳಗೆ 78 ತೋರಿಸಿದರೆ, ಎಡತುದಿಯಿಂದ ಒಂದು ಗೇಣಿನಷ್ಟು ಅಗಲದ ಪಟ್ಟಿ ಮೇಲಿನಿಂದ ಕೆಳಗಿನವರೆಗೆ 55ರ ಆಸುಪಾಸಿನಲ್ಲಿತ್ತು. ಆಮೇಲೆ ರೇಡಿಯೇಟರನ್ನು ಕಳಚಿ ಬೋರಲು ಹಾಕಿ ತಟ್ಟಿದಾಗ ಕಂದುಬಣ್ಣದ ನೀರಿನೊಂದಿಗೆ ಮೊಟ್ಟೆಯ ಸಿಪ್ಪೆಯಂಥ ತೆಳುವಾದ, ಬಿಳಿ ಹಕ್ಕಳೆಗಳು ಉದುರಿದವು. ಹೊಸ ರೇಡಿಯೇಟರ್, ಹೊಸ ಕ್ಯಾಪ್ ತರಿಸಿದ್ದೇನೆ, ಇನ್ನೂ ಕೂರಿಸಿಲ್ಲ. ಕೂರಿಸುವ ಮೊದಲು ಮಾಡಬೇಕಾದದ್ದು ಏನಾದರೂ ಇದೆಯೇ?

ಉತ್ತರ: ಹಳೆಯ ಪಾನಾ

ಇದೆ, ಮತ್ತು ಕೂರಿಸುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ರೇಡಿಯೇಟರಿನಲ್ಲಿ ಅಷ್ಟು ಸುಣ್ಣ ಇದ್ದರೆ ಎಂಜಿನ್ ಬ್ಲಾಕಿನ ಒಳಗೂ ಹೀಟರಿನಲ್ಲೂ ಇದ್ದೇ ಇರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಸಡಿಲವಾದ ಹಕ್ಕಳೆಗಳು ಕೆಲವೇ ತಿಂಗಳಲ್ಲಿ ಹೊಸ ರೇಡಿಯೇಟರಿನ ಕೊಳವೆಗಳನ್ನು ಕಟ್ಟುತ್ತವೆ. ಥರ್ಮೋಸ್ಟಾಟ್ ತೆಗೆದು, ಎಂಜಿನ್ ತಣ್ಣಗಿರುವಾಗ, ಮೇಲಿನ ಹೋಸಿನ ಕಡೆಯಿಂದ ಕಡಿಮೆ ಒತ್ತಡದಲ್ಲಿ ನೀರು ಬಿಟ್ಟು ಕೆಳಗಿನ ಹೋಸಿನಿಂದ ತಿಳಿಯಾಗಿ ಬರುವವರೆಗೆ ತೊಳೆಯಿರಿ. ಹೀಟರಿನ ಎರಡು ಹೋಸುಗಳನ್ನೂ ಬಿಚ್ಚಿ ಎರಡೂ ದಿಕ್ಕಿನಿಂದ ತೊಳೆಯಿರಿ. ಕೊನೆಯ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಿಂದ ಜಾಲಿಸಿ ಬಸಿಯಿರಿ, ಬೋರ್ ನೀರು ಒಳಗೆ ಉಳಿಯಬಾರದು. ಅಲ್ಯೂಮಿನಿಯಂ ಎಂಜಿನ್ನಿಗೆ ಮನೆಯಲ್ಲಿ ಸಿಗುವ ಆಸಿಡ್ ಹಾಕುವ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬೇಡಿ.

ಹಿಂದೆ ತಾಮ್ರ, ಹಿತ್ತಾಳೆಯ ರೇಡಿಯೇಟರ್‌ಗಳಿದ್ದಾಗ ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಒಂದೊಂದು ಕೊಳವೆಗೂ ಕಂಬಿ ತೂರಿಸಿ ಸುಣ್ಣ ತೆಗೆದು ಮತ್ತೆ ಬೆಸೆಯುತ್ತಿದ್ದೆವು. ಈಗಿನ ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಆ ಕೆಲಸ ನಂಬಿಕೆಯಿಂದ ಮಾಡಲಾಗುವುದಿಲ್ಲ. ಹೊಸದು ತಂದದ್ದು ಸರಿ. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಒಸರಿದ ಕಲೆ ಇದೆಯೇ, ಪುಲ್ಲಿ ಅಲ್ಲಾಡುತ್ತದೆಯೇ ಎಂಬುದನ್ನೂ ಇದೇ ಸಮಯದಲ್ಲಿ ನೋಡಿಕೊಳ್ಳಿ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ, ನಿಮ್ಮ ಕಾರಿನ ಪುಸ್ತಕದಲ್ಲಿ ಹೇಳಿರುವ ಬಗೆಯನ್ನೇ ಹಾಕಿ; ಬಣ್ಣ ನೋಡಿ ಆರಿಸಬೇಡಿ, ಬೇರೆ ಬೇರೆ ಬಗೆಯವನ್ನು ಬೆರೆಸಬೇಡಿ. ತೆಗೆದ ಹಳೆಯ ಕೂಲಂಟನ್ನು ಅಂಗಳದಲ್ಲಿ ಅಥವಾ ಚರಂಡಿಗೆ ಚೆಲ್ಲದೆ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಅದರ ಸಿಹಿಗೆ ನಾಯಿ, ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಉತ್ತರ: ಚಿತ್ರದುರ್ಗದ ಟ್ಯಾಕ್ಸಿ

ಓದುತ್ತಾ ಬಂದೆ. ನನ್ನ ಈಗಿನ ಪೆಟ್ರೋಲ್ ಗಾಡಿಯಲ್ಲಿಯೂ ಹಿಂದಿನ ಮಾಲೀಕರು ಥರ್ಮೋಸ್ಟಾಟ್ ತೆಗೆಸಿದ್ದರು. ಹಾಸನದವರ ಹಾಗೆ ನಾನೂ ಸ್ಕ್ಯಾನರ್ ಹಾಕಿಸಿ ನೋಡಿದರೆ ಹೆದ್ದಾರಿಯಲ್ಲಿ 65 ಡಿಗ್ರಿಯ ಮೇಲೆ ಏರುವುದೇ ಇಲ್ಲ. ಮೈಲೇಜ್ ಏಕೆ ಇಷ್ಟು ಕಡಿಮೆ ಎಂದು ಒಂದು ವರ್ಷದಿಂದ ಕೇಳುತ್ತಿದ್ದೆ. ನಾಳೆಯೇ ಹೊಸದನ್ನು ಹಾಕಿಸುತ್ತೇನೆ, ಪಿನ್ ಮೇಲಿರುವಂತೆ ನಿಂತು ನೋಡುತ್ತೇನೆ.

ಪ್ರಶ್ನೆ ಕೇಳಿದವರಿಂದ: ಹಾಸನದ ಚಾಲಕ

ಹಿರಿಯರು ಹೇಳಿದಂತೆ ಬ್ಲಾಕನ್ನೂ ಹೀಟರನ್ನೂ ತೊಳೆದೆವು. ಮೊದಲ ಎರಡು ಬಕೆಟ್ ನೀರು ಕಾಫಿಯ ಬಣ್ಣದಲ್ಲಿ ಬಂತು, ಏಳನೆಯ ಬಕೆಟಿನ ಹೊತ್ತಿಗೆ ತಿಳಿಯಾಯಿತು. ಪಂಪಿನಲ್ಲಿ ಒಸರಿದ ಕಲೆಯಿಲ್ಲ, ಪುಲ್ಲಿ ಅಲ್ಲಾಡುವುದಿಲ್ಲ. ನಿನ್ನೆ ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ, ನಾಲ್ವರು ಕುಳಿತು, ಎಸಿ ಹಾಕಿಕೊಂಡೇ ಗುಂಡ್ಯದಿಂದ ಮಾರನಹಳ್ಳಿಯವರೆಗೆ ಒಂದು ಸಿಮೆಂಟ್ ಲಾರಿಯ ಹಿಂದೆ ಹತ್ತಿದೆವು. ಅತಿ ಹೆಚ್ಚು ಎಂದರೆ 98 ತೋರಿಸಿತು, ಫ್ಯಾನ್ ನಡುನಡುವೆ ನಿಂತು ಬಿಡುವು ತೆಗೆದುಕೊಂಡಿತು. ಈ ಬೆಳಿಗ್ಗೆ ಕ್ಯಾಪ್ ತೆರೆದರೆ ಕೂಲಂಟ್ ಬಾಯಿಯವರೆಗೆ ಇದೆ. ಹಾಕಿದ ದಿನಾಂಕ ಮತ್ತು ಕಿಲೋಮೀಟರನ್ನು ಚೀಟಿಯಲ್ಲಿ ಬರೆದು ಬಾನೆಟಿನ ಒಳಗೆ ಅಂಟಿಸಿದ್ದೇನೆ, ಒಂದು ಲೀಟರ್ ಡಿಸ್ಟಿಲ್ಡ್ ವಾಟರ್ ಡಿಕ್ಕಿಯಲ್ಲಿದೆ.